ವಿಡಿಯೋ ಗೇಮ್ ಸಂಸ್ಕೃತಿಯಾದರೆ ಅದನ್ನು ಕಾಪಿಡುವವರು ಯಾರು?

ಮಾನ್ಯ ಸಂಪಾದಕರೇ,

ವಿಡಿಯೋ ಗೇಮ್ ಸಂಸ್ಕೃತಿಯ ಭಾಗವೋ, ಬರೀ ಹೊತ್ತು ಕಳೆಯುವ ಸಾಧನವೋ ಎಂಬ ಜಗ್ಗಾಟ ಪತ್ರಿಕೆಗಳಲ್ಲಿ ಆಗಾಗ ತಲೆ ಎತ್ತುತ್ತದೆ. ನಮ್ಮ ಪ್ರಕಾರ ಆ ವಾದ ಇತ್ಯರ್ಥವಾಗಿ ದಶಕ ದಾಟಿದೆ. ಪುಸ್ತಕ, ನಾಟಕ, ಸಿನಿಮಾಗಳಿಗೆ ಇರುವ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಗೇಮ್‌ಗಳಿಗೂ ಇದೆ ಎಂದು 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಪ್ಯಾಕ್‌ಮ್ಯಾನ್, ಟೆಟ್ರಿಸ್, ದಿ ಸಿಮ್ಸ್ ಅದರಲ್ಲಿದ್ದವು. ಇಷ್ಟಾದ ಮೇಲೂ ಅದೇ ಪ್ರಶ್ನೆಯನ್ನು ಕೆದಕುತ್ತಾ ಕೂರುವುದರಲ್ಲಿ ಹುರುಳಿಲ್ಲ.

ನಮ್ಮ ತಕರಾರು ಬೇರೆ. ಸಂಸ್ಕೃತಿ ಎಂದು ಒಪ್ಪಿಕೊಂಡ ಮೇಲೆ ಕಾಪಿಡುವ ಹೊಣೆಯೂ ಬೆನ್ನಿಗೇ ಬರುತ್ತದೆ. ಆ ಹೊಣೆ ಹೊತ್ತವರು ತೀರಾ ಕಡಿಮೆ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಗೇಮ್‌ಗಳಲ್ಲಿ ಶೇ 87ರಷ್ಟು ಇಂದು ಯಾವ ಅಧಿಕೃತ ಮಾರ್ಗದಲ್ಲೂ ಕೊಳ್ಳಲು ಸಿಗುವುದಿಲ್ಲ. ಮುದ್ರಣವೇ ನಿಂತುಹೋದ ಪುಸ್ತಕವೂ ಗ್ರಂಥಾಲಯದ ಯಾವುದೋ ಮೂಲೆಯಲ್ಲಿ ಸಿಕ್ಕೀತು, ತೆರೆದರೆ ಓದಲೂ ಬಂದೀತು. ಗೇಮ್ ಹಾಗಲ್ಲ. ಅದನ್ನು ತೆರೆಯಲು ಯಂತ್ರ ಬೇಕು, ಯಂತ್ರಕ್ಕೆ ಪರದೆ ಬೇಕು, ಕೆಲವಕ್ಕೆ ಇನ್ಯಾರದೋ ಸರ್ವರ್ ಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಕೃತಿಯೇ ಇಲ್ಲ.

ಈ ಮಾಧ್ಯಮದಲ್ಲಿ ಯಂತ್ರದ ಮಿತಿ ಮತ್ತು ಕಲೆಯ ರೂಪ ಒಂದರೊಳಗೊಂದು ಹೆಣೆದುಕೊಂಡಿವೆ ಎಂಬುದು ಗೊತ್ತಿಲ್ಲದಿದ್ದರೆ ಏನನ್ನು ಉಳಿಸಬೇಕು ಎನ್ನುವುದೇ ಅರ್ಥವಾಗದು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್‌ನಲ್ಲಿ 55 ಶತ್ರುಗಳ ಪಡೆ ಮೇಲಿನಿಂದ ಇಳಿಯುತ್ತದೆ. ಯಂತ್ರಕ್ಕೆ ಒಂದು ಫ್ರೇಮಿನಲ್ಲಿ (ಪರದೆಯ ಮೇಲೆ ಒಂದಾದ ಮೇಲೊಂದು ಮೂಡುವ ಚಿತ್ರಗಳಲ್ಲಿ ಒಂದರಲ್ಲಿ) ಒಂದು ಶತ್ರುವನ್ನು ಸರಿಸುವಷ್ಟೇ ಬಿಡುವು. ಹಾಗಾಗಿ ಸೆಕೆಂಡಿಗೆ 60 ಫ್ರೇಮ್ ಇದ್ದರೂ ಇಡೀ ಪಡೆ ಒಂದು ಹೆಜ್ಜೆ ಇಡಲು ಹತ್ತಿರಹತ್ತಿರ ಒಂದು ಸೆಕೆಂಡ್ ಬೇಕು. ಆಟಗಾರ ಒಂದೊಂದನ್ನೇ ಹೊಡೆದುರುಳಿಸಿದಂತೆ ಸರದಿ ಚಿಕ್ಕದಾಗಿ, ಉಳಿದವು ತಂತಾನೇ ವೇಗ ಪಡೆಯುತ್ತವೆ. ಕೊನೆಯದಂತೂ ಕೈಗೆ ಸಿಗದಂತೆ ಓಡುತ್ತದೆ. ನಿಶಿಕಾಡೊ ಇದನ್ನು ಸರಿಪಡಿಸಲು ಹೋಗದೆ ಹಾಗೆಯೇ ಬಿಟ್ಟರು. ಆಡುತ್ತಾ ಹೋದಂತೆ ಆಟ ಕಠಿಣವಾಗಬೇಕು ಎಂದು ನಾವಿಂದು ಸಹಜವೆಂಬಂತೆ ನಿರೀಕ್ಷಿಸುವುದರ ಹಿಂದೆ ಆ ಯಂತ್ರದ ಬಡತನದ ಪಾಲೂ ಇದೆ. 1985ರ ಸೂಪರ್ ಮಾರಿಯೋ ಬ್ರದರ್ಸ್ ಇಡಿಯಾಗಿ ಕುಳಿತಿರುವುದು 40 ಕಿಲೋಬೈಟ್‌ಗಳಲ್ಲಿ. ಅದರ ಮೋಡ ಮತ್ತು ಪೊದೆ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ಟೆಟ್ರಿಸ್ ಬರೆದ ಎಲೆಕ್ಟ್ರಾನಿಕಾ 60 ಗಣಕಕ್ಕೆ ಚಿತ್ರ ಮೂಡಿಸುವ ಶಕ್ತಿಯೇ ಇರಲಿಲ್ಲ. ಅವರು ಆವರಣ ಚಿಹ್ನೆಗಳನ್ನು ಜೋಡಿಸಿ ಇಟ್ಟಿಗೆಗಳನ್ನು ತೋರಿಸಿದರು.

ಇಂಥ ಕೃತಿಗಳು ಅಳಿಯುವ ಬಗೆ ತೀರಾ ಸಾಮಾನ್ಯ. ಬೆಂಕಿ, ಪ್ರವಾಹಗಳೇ ಬೇಕಿಲ್ಲ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬಾಥಮ್ ವಿದ್ಯುತ್ ತರಂಗಗಳನ್ನು ತೋರಿಸುವ ಆಸಿಲೋಸ್ಕೋಪ್ ಎಂಬ ಉಪಕರಣದ ಪರದೆಯ ಮೇಲೆ ಟೆನಿಸ್ ಆಡಿಸಿದರು. ಮರುವರ್ಷದ ಪ್ರದರ್ಶನ ಮುಗಿದ ಮೇಲೆ ಅದರ ಭಾಗಗಳನ್ನು ಬೇರೆ ಕೆಲಸಕ್ಕೆ ಬಿಚ್ಚಿಕೊಂಡರು. ಈಗಲೂ ಹೆಚ್ಚಿನವು ಹೋಗುವುದು ಹೀಗೆಯೇ. ಬಿಡಿಭಾಗ ಸವೆಯುತ್ತದೆ, ಯಾರೂ ಗಮನಿಸುವುದಿಲ್ಲ.

ಕನ್ಸೋಲ್ ಎಂಬ ಆಟದ ಯಂತ್ರಕ್ಕೆ ಸಿಕ್ಕಿಸಿ ಆಡುವ ಪ್ಲಾಸ್ಟಿಕ್ ಡಬ್ಬಿ, ಅಂದರೆ ಕಾರ್ಟ್ರಿಜ್ ವಿಚಾರವನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಮನೆಗಳ ಕಪಾಟಿನಲ್ಲಿ ಹೆಚ್ಚಾಗಿ ಉಳಿದಿರುವುದು ಅದೇ. ಆಟದ ಪ್ರೋಗ್ರಾಂ ರಾಮ್ ಅಲ್ಲ, ರೋಮ್ ಚಿಪ್‌ನಲ್ಲಿ ಅಚ್ಚಾಗಿರುತ್ತದೆ. ಅದು ದಶಕಗಳ ಕಾಲ ಬಾಳುತ್ತದೆ. ಆದರೆ ಆಟಗಾರ ಎಲ್ಲಿಯವರೆಗೆ ತಲುಪಿದ್ದ ಎಂಬ ಸೇವ್ ಇರುವುದು ಬೇರೆ ಚಿಪ್‌ನಲ್ಲಿ. ಹಳೆಯ ಕಾರ್ಟ್ರಿಜ್‌ಗಳಲ್ಲಿ ಅದು ಸ್ಟ್ಯಾಟಿಕ್ ರಾಮ್. ವಿದ್ಯುತ್ ಕಡಿದರೆ ಖಾಲಿಯಾಗುವಂಥದ್ದು. ಅದನ್ನು ಜೀವಂತವಾಗಿಡಲು ಒಳಗೆ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಬೆಸೆದಿರುತ್ತಾರೆ: ದೊಡ್ಡ ಕಾರ್ಟ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032, ಗೇಮ್‌ಬಾಯ್‌ನ ಚಿಕ್ಕವುಗಳಲ್ಲಿ ಸಿಆರ್2025 ಅಥವಾ ಸಿಆರ್1616. 1987ರಲ್ಲಿ ಕಾರ್ಟ್ರಿಜ್ ರೂಪದಲ್ಲಿ ಬಂದ ದಿ ಲೆಜೆಂಡ್ ಆಫ್ ಜೆಲ್ಡಾದಲ್ಲಿ ಸೇವ್‌ಗೆ ಇರುವ ಜಾಗ 8 ಕಿಲೋಬೈಟ್. ಆಟ ಮುಗಿಸುವಾಗ ರಿಸೆಟ್ ಗುಂಡಿ ಒತ್ತಿ ಹಿಡಿದೇ ಪವರ್ ಆರಿಸಬೇಕು ಎಂಬ ಸೂಚನೆ ಅದರಲ್ಲಿತ್ತು. ಹಾಗೆ ಮಾಡದಿದ್ದರೆ ವಿದ್ಯುತ್ ಕಡಿಯುವ ಆ ಗಳಿಗೆಯಲ್ಲಿ ಪ್ರೊಸೆಸರ್ ದಿಕ್ಕೆಟ್ಟು ಸೇವ್ ಮೇಲೆ ಕಸ ಗೀಚಿಬಿಡಬಹುದು.

ಸೆಲ್ ಬದಲಿಸುವಾಗ ಜನ ಎಡವುವುದು ಮೊದಲ ಹೆಜ್ಜೆಯಲ್ಲೇ. ಸೆಲ್ ಕಿತ್ತ ಕ್ಷಣ ಸೇವ್ ಅಳಿಸಿಹೋಗುತ್ತದೆ. ಆದ್ದರಿಂದ ಕಾರ್ಟ್ರಿಜ್ ರೀಡರ್‌ಗೆ ಸಿಕ್ಕಿಸಿ ರೋಮ್ ಮತ್ತು ಸೇವ್ ಎರಡನ್ನೂ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆಯೇ ಸ್ಕ್ರೂಗೆ ಕೈ ಹಚ್ಚಬೇಕು. ನಿಂಟೆಂಡೊದ ಬಹುತೇಕ ಹಳೆಯ ಕಾರ್ಟ್ರಿಜ್‌ಗಳಿಗೆ 3.8 ಮಿ.ಮೀ. ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್ ಬೇಕು, ಕನ್ಸೋಲ್ ಬಿಚ್ಚಲು 4.5 ಮಿ.ಮೀ.ನದು. ಪೆನ್ನಿನ ಪ್ಲಾಸ್ಟಿಕ್ ಕರಗಿಸಿ ಒತ್ತಿ ಸ್ಕ್ರೂ ತಿರುಗಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಪ್ಲಾಸ್ಟಿಕ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಲ್ಟಿಮೀಟರಿನಲ್ಲಿ ಹೊಸ ಸೆಲ್ 3 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ. 2.5ರ ಆಸುಪಾಸಿಗೆ ಇಳಿದಿದ್ದರೆ ಬದಲಿಸುವ ಕಾಲ ಬಂದಿದೆ. ಹೊಸ ಸೆಲ್‌ಗೆ ಲೋಹದ ಕಿವಿಗಳು ಮೊದಲೇ ಸ್ಪಾಟ್‌ವೆಲ್ಡ್ ಆಗಿರಬೇಕು. ಬರೀ ಸೆಲ್‌ ಮೇಲೆ ನೇರವಾಗಿ ಬೆಸುಗೆ ಕಡ್ಡಿ ಇಟ್ಟರೆ ಬಿಸಿಗೆ ಅದು ಉಬ್ಬಿ ಸಿಡಿಯುವ ಅಪಾಯವಿದೆ. ಹಳೆಯ ಬೆಸುಗೆ ಹಟ ಮಾಡಿದರೆ ಅದರ ಮೇಲೆ ಚೂರು ಹೊಸ ಬೆಸುಗೆ ಸೇರಿಸಿ, ಸುಲಭವಾಗಿ ಕರಗುತ್ತದೆ. ಒಂದೊಂದು ಕಾಲಿಗೆ ಎರಡು–ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಡ್ಡಿ ಒತ್ತಿದರೆ ಬೋರ್ಡಿನ ತಾಮ್ರದ ಗೆರೆಯೇ ಎದ್ದುಬರುತ್ತದೆ. ಧನ–ಋಣ ಅದಲುಬದಲಾಗದಂತೆ ಬಿಚ್ಚುವ ಮೊದಲೇ ಒಂದು ಫೋಟೋ ತೆಗೆದಿಡುವುದು ಕ್ಷೇಮ. ಬೆಸುಗೆಯ ಗೋಜೇ ಬೇಡವೆಂದು ಇನ್ಸುಲೇಶನ್ ಟೇಪ್ ಸುತ್ತಿ ಸೆಲ್ ಕೂರಿಸಿದ ಕಾರ್ಟ್ರಿಜ್‌ಗಳು ಬಹಳ ಸಿಗುತ್ತವೆ. ಅಂಟು ಬಿಸಿಗೆ ಜಾರಿ, ಕಾರ್ಟ್ರಿಜ್ ಅಲುಗಿದಾಗಲೆಲ್ಲ ಸಂಪರ್ಕ ತಪ್ಪಿ ಸೇವ್ ಮಾಯವಾಗುವುದು ಇವುಗಳಲ್ಲೇ. ಕೊನೆಗೆ, ಇಳಿಸಿಟ್ಟುಕೊಂಡ ಸೇವ್ ಅನ್ನು ಮತ್ತೆ ಏರಿಸಿ, ಒಂದು ದಿನ ಬಿಟ್ಟು ಆನ್ ಮಾಡಿ ನೋಡಬೇಕು.

ಎಲ್ಲ ಸೆಲ್‌ಗಳ ಕೆಲಸವೂ ಸೇವ್ ಕಾಯುವುದಲ್ಲ. 2002ರ ಪೋಕೆಮಾನ್ ರೂಬಿ, ಸಫೈರ್‌ಗಳಲ್ಲಿ ಸೇವ್ ಇರುವುದು ಫ್ಲಾಶ್ ಮೆಮೊರಿಯಲ್ಲಿ. ಸೆಲ್ ಗಡಿಯಾರಕ್ಕೆ ಮಾತ್ರ. ಸೆಲ್ ಸತ್ತರೂ ಆಟ ನಡೆಯುತ್ತದೆ, ಆದರೆ ಆಟದೊಳಗೆ ನೆಟ್ಟ ಹಣ್ಣಿನ ಗಿಡ ಬೆಳೆಯುವುದು ನಿಲ್ಲುತ್ತದೆ. ಇದಕ್ಕೆ ಪೂರ್ತಿ ವಿರುದ್ಧ ಉದಾಹರಣೆ ಕ್ಯಾಪ್‌ಕಾಮ್‌ನ 1990ರ ದಶಕದ ಸಿಪಿಎಸ್-2 ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರದ) ಬೋರ್ಡುಗಳು. ನಕಲು ತಡೆಯಲೆಂದು ಪ್ರೋಗ್ರಾಂ ಅನ್ನು ಗೂಢಲಿಪಿಯಲ್ಲಿಟ್ಟು, ಬಿಡಿಸುವ ಕೀಲಿಯನ್ನು ಸೆಲ್ ಬಲದ ಮೇಲೆ ನಿಂತ ರಾಮ್‌ನಲ್ಲಿಟ್ಟರು. ಸೆಲ್ ಬರಿದಾದರೆ ಕೀಲಿ ಹೋಯಿತು, ಬೋರ್ಡ್ ಸತ್ತಿತು. ದುರಸ್ತಿಗಾರರು ಅದನ್ನು 'ಆತ್ಮಹತ್ಯೆ ಬ್ಯಾಟರಿ' ಎಂದೇ ಕರೆಯುತ್ತಾರೆ. ಮುಂದೆ ಹವ್ಯಾಸಿಗಳೇ ತಲೆ ಕೆಡಿಸಿಕೊಂಡು ಕೀಲಿಯನ್ನು ಮತ್ತೆ ಬರೆಯುವ ದಾರಿ ಕಂಡುಹಿಡಿಯದಿದ್ದರೆ ಒಂದು ಇಡೀ ಪೀಳಿಗೆಯ ಹೋರಾಟದ ಆಟಗಳ ಮೂಲ ಬೋರ್ಡುಗಳು ಗುಜರಿ ಸೇರುತ್ತಿದ್ದವು.

ಪೊಟ್ಟಣ ಒಡೆಯದ ಪ್ರತಿಗೇ ಬೆಲೆ ಕಟ್ಟುವ ಸಂಗ್ರಾಹಕರ ಬಗ್ಗೆ ಇಲ್ಲೊಂದು ಮಾತು ಹೇಳದೆ ಇರಲಾಗದು. 2021ರ ಜುಲೈನಲ್ಲಿ ಸೀಲ್ ಮಾಡಿದ ಜೆಲ್ಡಾ ಕಾರ್ಟ್ರಿಜ್ ಒಂದು 8,70,000 ಡಾಲರಿಗೆ ಹರಾಜಾಯಿತು. ಆ ಪೊಟ್ಟಣದೊಳಗೂ ಅದೇ ಹಳೆಯ ಸೆಲ್ ಕೂತಿದೆ. ತೆರೆದು ನೋಡುವಂತಿಲ್ಲ, ಅಳೆಯುವಂತಿಲ್ಲ, ಬದಲಿಸುವಂತೆಯೂ ಇಲ್ಲ. ಇದು ಹೂಡಿಕೆಯಾದೀತು, ಸಂರಕ್ಷಣೆ ಅಲ್ಲ.

ಸ್ವಚ್ಛಗೊಳಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರ್ಟ್ರಿಜ್ ಬಾಯಿಗೆ ಊದುವ ರೂಢಿಯನ್ನು ಬಿಡಬೇಕು. ಉಸಿರಿನ ತೇವ ಲೋಹದ ತುದಿಗಳಿಗೆ ಕಿಲುಬು ಹಿಡಿಸುತ್ತದೆ. ಊದಿದ ಮೇಲೆ ಆಟ ಶುರುವಾದದ್ದು ಬಹುಮಟ್ಟಿಗೆ ತೆಗೆದು ಮತ್ತೆ ಸಿಕ್ಕಿಸಿದ್ದರಿಂದ. ಶೇ 90ಕ್ಕಿಂತ ಸಾಂದ್ರವಾದ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿಯ ಕಡ್ಡಿ, ಬೆನ್ನಿಗೇ ಒಂದು ಒಣ ಕಡ್ಡಿ. ಉಪ್ಪುಕಾಗದ ಬೇಡವೇ ಬೇಡ, ಚಿನ್ನದ ಲೇಪ ತೆಳುವಾಗಿರುತ್ತದೆ.

ಕನ್ಸೋಲ್‌ಗಳ ಶತ್ರು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಬಿಡಿಭಾಗ. 1990ರ ಸೆಗಾ ಗೇಮ್ ಗಿಯರ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಸೋರದೆ ಉಳಿದ ಯಂತ್ರ ಅಪರೂಪ: ಮೊದಲು ದನಿ ಕುಗ್ಗುತ್ತದೆ, ಆಮೇಲೆ ಪರದೆ ಮಂಕಾಗುತ್ತದೆ. 2001ರ ಮೊದಲ ಎಕ್ಸ್‌ಬಾಕ್ಸ್‌ನ ಆರಂಭಿಕ ಆವೃತ್ತಿಗಳಲ್ಲಿ ಗಡಿಯಾರಕ್ಕೆಂದು ಇಟ್ಟ ದೊಡ್ಡ ಕೆಪಾಸಿಟರ್ ಸೋರಿ ಸುತ್ತಲಿನ ಗೆರೆಗಳನ್ನು ತಿಂದುಹಾಕುತ್ತದೆ. ಅದನ್ನು ಕಿತ್ತು ಎಸೆದು ಜಾಗವನ್ನು ಒರೆಸಿದರೆ ಆಗುವ ನಷ್ಟ ಇಷ್ಟೇ: ಪ್ಲಗ್ ತೆಗೆದಾಗಲೆಲ್ಲ ಸಮಯ ಮತ್ತೆ ಹೊಂದಿಸಬೇಕು. ವರ್ಷಗಟ್ಟಲೆ ಆನ್ ಮಾಡದೆ ಭದ್ರವಾಗಿಟ್ಟ ಎಕ್ಸ್‌ಬಾಕ್ಸ್ ಕೂಡ ಸುರಕ್ಷಿತವಲ್ಲ, ಸೋರುವುದಕ್ಕೆ ವಿದ್ಯುತ್ ಬೇಕಿಲ್ಲ.

ಡಿಸ್ಕ್‌ಗಳನ್ನು ಉಳಿಸುತ್ತೇವೆಂದು ಹೊರಟ ಗ್ರಂಥಾಲಯಗಳು ಸಾಮಾನ್ಯವಾಗಿ ಮಾಡುವ ಎಡವಟ್ಟು ಒಂದಿದೆ: ಎಲ್ಲವನ್ನೂ ಐಎಸ್‌ಒ ಕಡತವಾಗಿ (ಡಿಸ್ಕಿನ ಕಂಪ್ಯೂಟರ್ ನಕಲು, ಅಂದರೆ ಇಮೇಜ್‌ನ ಒಂದು ಬಗೆ) ಇಳಿಸುವುದು. ಸಿ.ಡಿ.ಯ ಒಂದು ಸೆಕ್ಟರಿನಲ್ಲಿ 2,352 ಬೈಟ್ ಇರುತ್ತವೆ. ದತ್ತಾಂಶದ ಟ್ರ್ಯಾಕ್‌ನಲ್ಲಿ ಅದರೊಳಗಿನ 2,048 ಮಾತ್ರ ಬಳಕೆದಾರನ ಪಾಲು, ಉಳಿದದ್ದು ಹೆಚ್ಚಾಗಿ ದೋಷ ತಿದ್ದಲು. ಐಎಸ್‌ಒ ಈ 2,048ನ್ನು ಮಾತ್ರ ಎತ್ತಿಕೊಳ್ಳುತ್ತದೆ. ಆದರೆ 1990ರ ದಶಕದ ಎಷ್ಟೋ ಗೇಮ್‌ಗಳ ಸಂಗೀತ ಸಾಮಾನ್ಯ ಆಡಿಯೋ ಸಿ.ಡಿ.ಯಂತೆ ಪ್ರತ್ಯೇಕ ಟ್ರ್ಯಾಕ್‌ಗಳಲ್ಲಿರುತ್ತದೆ. ಅವು ಐಎಸ್‌ಒಗೆ ಬರುವುದೇ ಇಲ್ಲ. ಇಮೇಜ್ ತೆರೆಯುತ್ತದೆ, ಆಟವೂ ಓಡುತ್ತದೆ, ಸಂಗೀತ ಮಾತ್ರ ಇಲ್ಲ. ಮೂಲದ ಪರಿಚಯ ಇಲ್ಲದವರಿಗೆ ಇದು ಮೂಕ ಆಟವೆಂದೇ ಅನಿಸುತ್ತದೆ. ಹಾಗಾಗಿ ಬಿನ್–ಕ್ಯೂ ರೂಪದಲ್ಲಿ ಪೂರ್ತಿ ಸೆಕ್ಟರುಗಳನ್ನು ಇಳಿಸಬೇಕು. ಡ್ರೈವಿನಿಂದ ಡ್ರೈವಿಗೆ ಆಡಿಯೋ ಓದಲು ತೊಡಗುವ ಜಾಗ ಒಂದಿಷ್ಟು ಸ್ಯಾಂಪಲ್‌ನಷ್ಟು ಹಿಂದುಮುಂದಾಗುವುದರಿಂದ ಆ ಆಫ್‌ಸೆಟ್ ಸರಿಪಡಿಸದಿದ್ದರೆ ಒಂದೇ ಡಿಸ್ಕಿಗೆ ಎರಡು ಬೇರೆ ಚೆಕ್‌ಸಮ್ (ಕಡತದ ಬೈಟ್‌ಗಳಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ) ಬರುತ್ತದೆ. ಯುರೋಪಿನ ಕೆಲವು ಪ್ಲೇಸ್ಟೇಷನ್ ಡಿಸ್ಕ್‌ಗಳು ನಕಲು ತಡೆಯುವ ಗುರುತನ್ನು ಮುಖ್ಯ ದತ್ತಾಂಶದ ಜೊತೆಗೆ ಓಡುವ ಸಬ್‌ಚಾನಲ್‌ನಲ್ಲಿ ಬಚ್ಚಿಡುತ್ತವೆ. ಅದನ್ನು ಬಿಟ್ಟು ಇಳಿಸಿದ ಇಮೇಜ್ ಶುರುವಾದೀತು, ಆದರೆ ಮುಂದೆಲ್ಲೋ ಕೈಕೊಡುತ್ತದೆ.

ಇಳಿಸಿದ್ದು ಸರಿಯೇ ಎಂದು ತಿಳಿಯುವುದು ಹೇಗೆ? ಎಸ್‌ಎಚ್‌ಎ-1 ಚೆಕ್‌ಸಮ್ ತೆಗೆದು, ಕಾರ್ಟ್ರಿಜ್ ಆದರೆ ನೋ-ಇಂಟ್ರೋ, ಡಿಸ್ಕ್ ಆದರೆ ರೀಡಂಪ್ ಎಂಬ ಹವ್ಯಾಸಿಗಳ ಪಟ್ಟಿಯೊಂದಿಗೆ ಹೋಲಿಸಬೇಕು. ಹೊಂದಲಿಲ್ಲವೆಂದರೆ ಒಂದೋ ತುದಿ ಕೊಳೆಯಾಗಿದೆ, ಇಲ್ಲವೇ ಕೈಯಲ್ಲಿರುವುದು ಇನ್ನೂ ಯಾರೂ ದಾಖಲಿಸದ ಆವೃತ್ತಿ. ಎರಡನೆಯದಕ್ಕೆ ಕುಣಿದಾಡುವ ಮುನ್ನ ಒರೆಸಿ ಇನ್ನೆರಡು ಸಲ ಓದಿಸಿ.

ಫ್ಲಾಪಿಗೆ ಇಷ್ಟು ತಾಳ್ಮೆ ಇಲ್ಲ. ಬೂಷ್ಟು ಹಿಡಿದ ಫ್ಲಾಪಿಯನ್ನು ಡ್ರೈವಿಗೆ ತುರುಕಿದರೆ ಹೆಡ್ ಅದರ ಕಾಂತೀಯ ಪದರವನ್ನೇ ಕೆರೆದುಹಾಕುತ್ತದೆ, ಆಮೇಲೆ ಅದೇ ಹೆಡ್ ಮುಂದಿನ ಫ್ಲಾಪಿಯನ್ನೂ ಹಾಳುಮಾಡುತ್ತದೆ. ಮೂರೂವರೆ ಇಂಚಿನದಾದರೆ ಮೂಲೆಯ ಕಿಂಡಿ ತೆರೆದಿರಬೇಕು, ಐದೂಕಾಲು ಇಂಚಿನದಾದರೆ ಅಂಚಿನ ಕಚ್ಚು ಮುಚ್ಚಿರಬೇಕು. ಆಗ ತಪ್ಪಿಯೂ ಅದರ ಮೇಲೆ ಬರೆಯಲಾಗದು. ಯುಎಸ್‌ಬಿ ಫ್ಲಾಪಿ ಡ್ರೈವ್ ಪಿ.ಸಿ. ವಿನ್ಯಾಸವನ್ನು ಮಾತ್ರ ಓದುತ್ತದೆ. ಹಳೆಯ ಅಮಿಗಾ ಗಣಕದ 880 ಕಿಲೋಬೈಟ್ ಫ್ಲಾಪಿ ಅದಕ್ಕೆ ಖಾಲಿಯಾಗಿ ಕಾಣುತ್ತದೆ. 'ಫಾರ್ಮ್ಯಾಟ್ ಮಾಡಲೇ' ಎಂದು ಕಂಪ್ಯೂಟರ್ ಕೇಳಿದಾಗ ಹೌದು ಎಂದವರೂ ಇದ್ದಾರೆ. ಹಳೆಯ ಡ್ರೈವಿಗೆ ಗ್ರೀಸ್‌ವೀಸಲ್‌ನಂಥ ಸಾಧನ ಜೋಡಿಸಿ ಕಾಂತೀಯ ಏರಿಳಿತವನ್ನೇ ಇಳಿಸಿಕೊಂಡರೆ ಯಾವ ಯಂತ್ರದ ಫ್ಲಾಪಿ ಎಂಬುದನ್ನು ನಿಧಾನವಾಗಿ ಆಮೇಲೆ ಬಿಡಿಸಬಹುದು.

ಇಷ್ಟೆಲ್ಲ ಮಾಡಿಯೂ ಆಟದ ಅನುಭವ ತಪ್ಪಿಹೋಗಬಹುದು. ಸಾಹಿತ್ಯ ಉಳಿಸಿಕೊಂಡು ರಾಗ ಮರೆತ ಹಾಡಿನಂತೆ. ಸೆಗಾ ಮೆಗಾ ಡ್ರೈವ್ ಕನ್ಸೋಲ್‌ಗೆ 1991ರಲ್ಲಿ ಬಂದ ಸೋನಿಕ್ ಆಟದ ಜಲಪಾತವನ್ನು ನೋಡಿ. ಆ ಕನ್ಸೋಲ್‌ಗೆ ಪಾರದರ್ಶಕ ಬಣ್ಣ ಮೂಡಿಸಲು ಬರುತ್ತಿರಲಿಲ್ಲ. ಕಲಾವಿದರು ಒಂದು ಬಿಟ್ಟು ಒಂದು ಲಂಬ ಗೆರೆ ಎಳೆದರು. ಟಿ.ವಿ.ಗೆ ಜೋಡಿಸುವ ಆಗಿನ ಕಾಂಪೊಸಿಟ್ ತಂತಿಯ ಮಸುಕಿನಲ್ಲಿ ಆ ಗೆರೆಗಳು ಕಲೆತು ನೀರಿನಂತೆ ಕಾಣುತ್ತಿದ್ದವು. ಇಂದಿನ ಎಲ್‌ಸಿಡಿಯ ನಿಚ್ಚಳ ಚಿತ್ರದಲ್ಲಿ ಕಾಣುವುದು ಕಂಬಿಗಳ ಸಾಲು. ಇನ್ನು ಡಕ್ ಹಂಟ್‌ನ ಬಂದೂಕು ಎಲ್‌ಸಿಡಿಯೆದುರು ಕೆಲಸವನ್ನೇ ಮಾಡುವುದಿಲ್ಲ. ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ಪರದೆ ಒಂದು ಫ್ರೇಮ್ ಪೂರ್ತಿ ಕಪ್ಪಾಗಿ, ಮುಂದಿನ ಫ್ರೇಮಿನಲ್ಲಿ ಗುರಿಯ ಜಾಗದಲ್ಲಷ್ಟೇ ಬಿಳಿ ಚೌಕ ಮೂಡುತ್ತದೆ. ಬಂದೂಕಿನ ಬೆಳಕು ಸಂವೇದಕ ಅದನ್ನು ಕಂಡರೆ ಗುರಿ ತಾಗಿತೆಂದು ಲೆಕ್ಕ. ಹೊಸ ಟಿ.ವಿ. ಚಿತ್ರವನ್ನು ಸಂಸ್ಕರಿಸಿ ತೋರಿಸುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ. ವಸ್ತುಸಂಗ್ರಹಾಲಯಗಳು ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಗಳನ್ನು ಗುಜರಿಗೆ ಹಾಕದೆ ಒಂದೆರಡನ್ನಾದರೂ ದುರಸ್ತಿಯಲ್ಲಿಡಬೇಕು ಎನ್ನುವುದು ಇದಕ್ಕೇ. ಅವುಗಳ ತಯಾರಿಕೆ ನಿಂತಿದೆ, ಬಿಡಿಭಾಗವೂ ಮುಗಿಯುತ್ತಿದೆ. ಒಳಗಿನ ಹೈವೋಲ್ಟೇಜ್ ಪ್ಲಗ್ ತೆಗೆದ ಮೇಲೂ ಉಳಿದಿರುತ್ತದೆ, ಅನುಭವಿ ಟಿ.ವಿ. ಮೆಕ್ಯಾನಿಕ್‌ಗೆ ಬಿಡುವ ಕೆಲಸವದು.

ಆಟವನ್ನು ವಿಡಿಯೋದಲ್ಲಿ ಹಿಡಿದಿಡುವವರಿಗೂ ಒಂದು ಸೂಚನೆ. 1980ರ ದಶಕದ ನಿಂಟೆಂಡೊ ಯಂತ್ರ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಚಿತ್ರಗಳನ್ನು ತೋರಿಸಲಾರದು. ಹೆಚ್ಚಾದಾಗ ಪ್ರೋಗ್ರಾಂ ಸರದಿಯ ಮೇಲೆ ಅವನ್ನು ಮಿನುಗಿಸುತ್ತದೆ: ಒಂದು ಫ್ರೇಮಿನಲ್ಲಿ ಇದು, ಮರುಫ್ರೇಮಿನಲ್ಲಿ ಅದು. ಸೆಕೆಂಡಿಗೆ 30 ಫ್ರೇಮ್‌ನಲ್ಲಿ ರೆಕಾರ್ಡ್ ಮಾಡಿದರೆ ಒಂದು ಪೂರ್ತಿ ಮಾಯವಾಗಿ ಇನ್ನೊಂದು ಮಿನುಗದೆ ನಿಲ್ಲುತ್ತದೆ, ಅಂದರೆ ದಾಖಲೆಯೇ ಸುಳ್ಳು ಹೇಳುತ್ತದೆ. 60ಕ್ಕಿಂತ ಕಡಿಮೆ ಮಾಡಕೂಡದು. ಯುರೋಪಿನ 50 ಹರ್ಟ್ಸ್ ಆವೃತ್ತಿಯಾದರೆ ಅದನ್ನು ಬರೆದಿಡಬೇಕು. ವೇಗ ಹೊಂದಿಸದೆ ಬಿಡುಗಡೆಯಾದ ಎಷ್ಟೋ ಆಟಗಳು ಅಲ್ಲಿ ಆರನೇ ಒಂದರಷ್ಟು ನಿಧಾನವಾಗಿ ಓಡುತ್ತಿದ್ದವು, ಸಂಗೀತವೂ ಸೇರಿ.

ಆನ್‌ಲೈನ್ ಆಟಗಳ ಪಾಡು ಇದಕ್ಕಿಂತ ಕಷ್ಟದ್ದು. 2014ರ ಕಾರ್ ರೇಸಿಂಗ್ ಗೇಮ್ ದಿ ಕ್ರೂವನ್ನು ಒಬ್ಬರೇ ಆಡುವುದಕ್ಕೂ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿತು. ಹಣ ಕೊಟ್ಟು ಡಿಸ್ಕ್ ಕೊಂಡವರ ಕೈಯಲ್ಲೂ ಉಳಿದದ್ದು ಹೊಳೆಯುವ ಪ್ಲಾಸ್ಟಿಕ್ ಮಾತ್ರ. ಅದರಿಂದ ಕೆರಳಿ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಭಿಯಾನದ ಮನವಿಗೆ 2025ರಲ್ಲಿ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಸಹಿ ಬಿದ್ದವು. ನಿಂಟೆಂಡೊ 2023ರ ಮಾರ್ಚ್ 27ರಂದು 3ಡಿಎಸ್ ಮತ್ತು ವೀ ಯು ಕನ್ಸೋಲ್‌ಗಳ ಆನ್‌ಲೈನ್ ಮಳಿಗೆಯನ್ನು ಮುಚ್ಚಿದಾಗ, ಪೆಟ್ಟಿಗೆಯಲ್ಲಿ ಎಂದೂ ಮಾರಾಟವಾಗದ ಅವೆಷ್ಟೋ ಸಣ್ಣ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿಯೇ ಮುಚ್ಚಿಹೋಯಿತು. ಡಿಸ್ಕ್ ಇದ್ದವರೂ ನಿಶ್ಚಿಂತರಾಗುವಂತಿಲ್ಲ. ಈಗಿನ ಎಷ್ಟೋ ಡಿಸ್ಕ್‌ಗಳಲ್ಲಿರುವುದು ಬಿಡುಗಡೆಗೆ ಮೊದಲಿನ ಅರೆಬೆಂದ ಆವೃತ್ತಿ, ತಿದ್ದುಪಡಿಯೆಲ್ಲ ಸರ್ವರಿನಿಂದ ಬರಬೇಕು. ಮಳಿಗೆ ತೆರೆದಿರುವಾಗಲೇ ಅಪ್‌ಡೇಟ್ ಮತ್ತು ಹೆಚ್ಚುವರಿ ಭಾಗಗಳನ್ನು ಇಳಿಸಿಕೊಂಡು, ನೆಟ್ ಸಂಪರ್ಕ ಕಿತ್ತು ಆಟ ಶುರುವಾಗುತ್ತದೆಯೇ ಎಂದು ಪರೀಕ್ಷಿಸುವುದು ಅರ್ಧ ಗಂಟೆಯ ಕೆಲಸ. ಬಹಳ ಮಂದಿ ಮಾಡುವುದಿಲ್ಲ.

ಸರ್ವರ್ ಪ್ರೋಗ್ರಾಂ ಸಿಕ್ಕರೂ ಅದರೊಳಗೆ ಬದುಕಿದ್ದ ಜನ ಸಿಗುವುದಿಲ್ಲ. 2005ರ ಸೆಪ್ಟೆಂಬರಿನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಒಂದು ಗುಹೆಯ ಶತ್ರು ಆಟಗಾರರಿಗೆ ಅಂಟಿಸುತ್ತಿದ್ದ 'ಕರಪ್ಟೆಡ್ ಬ್ಲಡ್' ಎಂಬ ರೋಗ, ಅವರ ಸಾಕುಪ್ರಾಣಿಗಳ ಮೂಲಕ ಹೊರಗಿನ ನಗರಗಳಿಗೆ ಹಬ್ಬಿತು. ಕಂಪ್ಯೂಟರ್ ನಡೆಸುವ ಪಾತ್ರಗಳು ತಾವು ಸಾಯದೆ ಸೋಂಕು ಹಂಚಿದವು. ಕೆಲವರು ಊರು ಬಿಟ್ಟು ಓಡಿದರು, ಕೆಲವರು ಚಿಕಿತ್ಸೆಗೆ ನಿಂತರು, ಇನ್ನು ಕೆಲವರು ಬೇಕೆಂದೇ ಹರಡಿದರು. ಸಾಂಕ್ರಾಮಿಕದ ಹೊತ್ತಿನಲ್ಲಿ ಮನುಷ್ಯರು ಹೇಗೆ ವರ್ತಿಸುತ್ತಾರೆ ಎಂಬುದಕ್ಕೆ ಇದನ್ನು ಮಾದರಿಯಾಗಿಟ್ಟು 2007ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನವೇ ಬಂತು. ಈಗ ಅದೇ ಕೋಡ್ ಓಡಿಸಿದರೆ ರೋಗ ಬರುತ್ತದೆ, ಆ ಗದ್ದಲ ಬರುವುದಿಲ್ಲ. ಇಂಥದ್ದನ್ನು ಉಳಿಸಬೇಕಾದರೆ ಆಡುತ್ತಿರುವಾಗಲೇ ಚಾಟ್ ಸಮೇತ ಪರದೆಯನ್ನು ರೆಕಾರ್ಡ್ ಮಾಡಿ, ದಿನಾಂಕ ಮತ್ತು ಆವೃತ್ತಿ ಸಂಖ್ಯೆ ನಮೂದಿಸಿ, ಆಡುವವರನ್ನು ಮಾತಾಡಿಸಿಡಬೇಕು. ಗೆದ್ದ ಆಟಗಳನ್ನಷ್ಟೇ ಅಲ್ಲ, ಸೋತು ಬೈದುಕೊಂಡ ಆಟಗಳನ್ನೂ.

ಕಂಪನಿಗಳೇ ಎಲ್ಲವನ್ನೂ ಜೋಪಾನ ಮಾಡಿರುತ್ತವೆ ಎಂಬ ನಂಬಿಕೆಗೆ ಆಧಾರವಿಲ್ಲ. 2002ರ ಕಿಂಗ್‌ಡಮ್ ಹಾರ್ಟ್ಸ್‌ನ ಮೂಲ ದತ್ತಾಂಶ ಕಳೆದುಹೋಗಿತ್ತು. ಎಚ್‌ಡಿ ಆವೃತ್ತಿಗಾಗಿ ಬಹಳಷ್ಟನ್ನು ಮತ್ತೆ ಕಟ್ಟಬೇಕಾಯಿತು. ಸೈಲೆಂಟ್ ಹಿಲ್ ಎಚ್‌ಡಿ ಮಾಡಹೊರಟ ತಂಡಕ್ಕೆ ಸಿಕ್ಕಿದ್ದು ಅಂತಿಮವಲ್ಲದ ಕೋಡ್, ಎಂದೋ ತಿದ್ದಿದ್ದ ದೋಷಗಳೆಲ್ಲ ಹೊಸ ಆವೃತ್ತಿಯಲ್ಲಿ ಮರಳಿದವು. 1989ರ ಪ್ರಿನ್ಸ್ ಆಫ್ ಪರ್ಷಿಯಾದ ಕೋಡ್ 2012ರಲ್ಲಿ ಸಿಕ್ಕಿದ್ದು ಅದರ ಕರ್ತೃ ಜೋರ್ಡನ್ ಮೆಕ್ನರ್ ಅವರ ಹಳೆಯ ಫ್ಲಾಪಿಗಳು ತಂದೆಯ ಮನೆಯ ಕಪಾಟಿನಲ್ಲಿ ಉಳಿದಿದ್ದ ಪುಣ್ಯಕ್ಕೆ. ಡೂಮ್ ಮಾತ್ರ ಇಂದಿಗೂ ಸಿಕ್ಕಸಿಕ್ಕ ಯಂತ್ರಗಳಲ್ಲೆಲ್ಲ ಓಡುತ್ತಿದೆ. ಕಾರಣ ಸರಳ: 1993ರಲ್ಲಿ ಬಂದ ಆಟದ ಸೋರ್ಸ್ ಕೋಡ್ ಅನ್ನು 1997ರಲ್ಲೇ ಸಾರ್ವಜನಿಕಗೊಳಿಸಿದರು.

ಕಾನೂನಿನ ತೊಡಕೂ ಕಡಿಮೆಯಲ್ಲ. ಮಾರಾಟದಲ್ಲಿಲ್ಲದ ಹಳೆಯ ಗೇಮ್‌ಗಳನ್ನು ಗ್ರಂಥಾಲಯಗಳು ದೂರದಲ್ಲಿರುವ ಸಂಶೋಧಕರಿಗೆ ನೆಟ್ ಮೂಲಕ ಒದಗಿಸಲು ಅವಕಾಶ ಕೊಡಿ ಎಂಬ ಕೋರಿಕೆಯನ್ನು ಅಮೆರಿಕದ ಕಾಪಿರೈಟ್ ಕಚೇರಿ 2024ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಜನ ಸಂಶೋಧನೆಯ ನೆಪದಲ್ಲಿ ಮೋಜಿಗಾಗಿ ಆಡಿಯಾರು ಎಂಬುದು ವಿರೋಧಿಸಿದವರ ಆತಂಕಗಳಲ್ಲೊಂದು. ಮೋಜಿಗಾಗಿ ಓದಿಯಾರೆಂದು ಕಾದಂಬರಿಗೆ ಬೀಗ ಹಾಕುವ ಗ್ರಂಥಾಲಯವನ್ನು ನಾವು ಕಂಡಿಲ್ಲ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ ಪುಸ್ತಕಗಳಂತೆಯೇ ಗೇಮ್‌ಗಳ ಪ್ರತಿಯನ್ನೂ ಕಡ್ಡಾಯ ಠೇವಣಿಯಾಗಿ ಪಡೆಯುತ್ತದೆ. ಉಳಿದ ದೇಶಗಳು ನೋಡಿ ಕಲಿಯಬೇಕಾದದ್ದು ಅದು. ಜೊತೆಗೆ, ಸರ್ವರ್ ಮುಚ್ಚುವ ಕಂಪನಿ ಆಟವನ್ನು ಆಫ್‌ಲೈನ್ ಆಡುವಂತೆ ಕೊನೆಯ ಅಪ್‌ಡೇಟ್ ಒಂದನ್ನು ಕೊಟ್ಟೇ ಮುಚ್ಚಬೇಕೆಂಬ ನಿಯಮ ಬೇಕು. ಸ್ವಂತ ಪ್ರತಿಯನ್ನು ಇಳಿಸಿಟ್ಟುಕೊಳ್ಳುವ ಹಕ್ಕು ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಮನೆಯಲ್ಲಿ ಮಾಡುವವರು ಮೊದಲು ತಮ್ಮಲ್ಲಿನ ನಿಯಮ ನೋಡಿಕೊಳ್ಳಲಿ. ಇಳಿಸಿದ್ದನ್ನು ಹಂಚುವುದು ಬೇರೆಯೇ ವಿಷಯ.

ಇಳಿಸಿಟ್ಟವರಿಗೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ವರ್ಷಕ್ಕೊಮ್ಮೆ ಚೆಕ್‌ಸಮ್ ತಾಳೆ ನೋಡಿ. ಕೈಪಿಡಿ, ನಕ್ಷೆ, ಪೆಟ್ಟಿಗೆಯ ಹೊದಿಕೆಗಳನ್ನು 600 ಡಿಪಿಐನಲ್ಲಿ ಟಿಫ್ ಆಗಿ ಸ್ಕ್ಯಾನ್ ಮಾಡಿ. ಎಷ್ಟೋ ಹಳೆಯ ಆಟಗಳ ಕಥೆ ಇರುವುದು ಕೈಪಿಡಿಯಲ್ಲೇ. ಕೆಲವಂತೂ 'ಇಷ್ಟನೇ ಪುಟದ ಇಷ್ಟನೇ ಪದ ಯಾವುದು' ಎಂದು ಕೇಳಿಯೇ ಒಳಗೆ ಬಿಡುತ್ತವೆ.

ಕೊನೆಯ ಕೋರಿಕೆ ತಮ್ಮಲ್ಲೇ. ಪತ್ರಿಕೆಗಳಲ್ಲಿ ಬರುವ ಗೇಮ್ ವಿಮರ್ಶೆಗಳೂ ಮುಂದೆ ದಾಖಲೆಗಳೇ. ಈಗ ಅವುಗಳಲ್ಲಿ ಅಂಕ ಮತ್ತು ಹೊಗಳಿಕೆ–ತೆಗಳಿಕೆ ಮಾತ್ರ ಸಿಗುತ್ತದೆ. ಪ್ರತಿ ವಿಮರ್ಶೆಯ ಕೆಳಗೆ ಎರಡು ಸಾಲು ಜಾಗ ಕೊಟ್ಟು ಆಡಿದ ಆವೃತ್ತಿಯ ಸಂಖ್ಯೆ, ಆಡಿದ ದಿನಾಂಕ, ಯಾವ ಯಂತ್ರ, ಒಬ್ಬರೇ ಆಡಲೂ ಸರ್ವರ್ ಬೇಕೇ ಎಂಬ ವಿವರವನ್ನು ಅಚ್ಚು ಮಾಡಿ. ಸರ್ವರ್ ಮುಚ್ಚುವ ದಿನಾಂಕ ಪ್ರಕಟವಾದಾಗ ಅದನ್ನೂ ಸುದ್ದಿಯಾಗಿ ಹಾಕಿ, ಮುಚ್ಚಿದ ಮೇಲಲ್ಲ, ಮೂರು ತಿಂಗಳು ಮೊದಲು. ಇಳಿಸಿಕೊಳ್ಳುವವರಿಗೆ ಅಷ್ಟು ಸಮಯ ಬೇಕಾಗುತ್ತದೆ.

ಇಂತಿ,
ಹಳೆಯ ಗೇಮ್‌ಗಳ ದುರಸ್ತಿ ಮತ್ತು ದಾಖಲೀಕರಣದಲ್ಲಿ ತೊಡಗಿರುವ ಓದುಗರು